ಮೇಷ್ಟ್ರು ಕಲಿಸಿದ ಹೊಲಿಗೆ

ಸತ್ಯ ಹೇಳಬೇಕೆಂದರೆ, ಟೈಲರಮ್ಮನಿಗೆ ಗಂಡನ ಸ್ಪ್ಯಾನಿಷ್ ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮದುವೆಯಾದ ಹೊಸದರಲ್ಲಿ ಆ ಮಹಾನುಭಾವರು ಟೈಪಿಂಗ್ ಶಾಲೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಒಂದು ಕರಿಹಲಗೆ ನೇತುಹಾಕಿ, ಬೆರಳೆಣಿಕೆಯ ಮಂದಿಗೆ ಪಾಠ ಶುರುಮಾಡಿದ್ದರು. ಇತ್ತ ಮನೆಯ ಬಾಡಿಗೆ, ಹಾಲು, ಅಕ್ಕಿ ಎಲ್ಲವೂ ಅವಳ ಹೊಲಿಗೆ ಮಷೀನಿನ ಪೆಡಲಿನ ಮೇಲೆ ನಿಂತಿದ್ದವು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ," ಎಂದು ಅವಳು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗೊಣಗುತ್ತಿದ್ದಳು.

"ಬಾಯಲ್ಲಿ ಸೂಜಿ ಇಟ್ಕೊಂಡು ಬೈಬೇಡ್ವೇ, ಚುಚ್ಚುತ್ತೆ."

"ನಿಮಗೆ ಚುಚ್ಚಲಿ ಅಂತಾನೇ ಇಟ್ಕೊಂಡಿರೋದು."

ಅವತ್ತಿನಿಂದ ಅವಳಿಗೆ ಸೂಜಿ ಎಂದೇ ಹೆಸರಾಯಿತು. ಬೀದಿಗೆಲ್ಲ ಟೈಲರಮ್ಮ, ಗಂಡನೊಬ್ಬನಿಗೆ ಸೂಜಿ. ಕೆಲಸ ಮುಗಿಸಿ ಬಂದು ಹೊಸಿಲು ದಾಟುವಾಗಲೇ "ಸೂಜೀ, ಬಂದೆ ಕಣೇ" ಎಂದು ಕೂಗುವುದು, ಅವಳು ಒಳಗಿನ ಕೋಣೆಯಿಂದ ಮಷೀನು ನಿಲ್ಲಿಸದೆಯೇ "ಬಂದ್ರಾ?" ಎನ್ನುವುದು. ಮಕ್ಕಳಿಲ್ಲದ ಮನೆಯಲ್ಲಿ ದಿನದ ದೊಡ್ಡ ಸಮಾರಂಭವೆಂದರೆ ಅದೇ.

ವರ್ಷ ಕಳೆದಂತೆ ಪಾಠ ಕೈಹಿಡಿಯಿತು. ಹೋಟೆಲಿನವರು, ಹಡಗಿನಲ್ಲಿ ಕೆಲಸಕ್ಕೆ ಸೇರುವವರು, ಪ್ರವಾಸಿಗಳನ್ನು ಕೂರಿಸಿಕೊಂಡು ಓಡಾಡುವ ಟ್ಯಾಕ್ಸಿಯವರು ಬಂದು ಕಲಿತುಹೋದರು. ಆದರೆ ಹೆಂಡತಿ ಮಾತ್ರ ಒಂದಕ್ಷರ ಕಲಿಯಲಿಲ್ಲ. "ಒಂದೇ ಒಂದು ಕ್ರಿಯಾಪದ ಕಲ್ತ್ಕೊಳ್ಳೇ ಸಾಕು," ಎಂದು ಮೇಷ್ಟ್ರು ಗೋಗರೆದಾಗಲೆಲ್ಲ ಅವಳದು ಒಂದೇ ಉತ್ತರ: "ಮೊದಲು ನನ್ನ ಕಾಲಿಗೆ ಬಿಡುವಾಗಲಿ, ಆಮೇಲೆ ನೋಡೋಣ." ಕಾಲಿಗೆ ಬಿಡುವಾಗಲೇ ಇಲ್ಲ. ಮೇಷ್ಟ್ರು ಕೇಳುವುದನ್ನೂ ಬಿಟ್ಟರು.

ಆಮೇಲೆ ಮೇಷ್ಟ್ರಿಗೆ ಮರೆವು ಬಂತು. ಮರೆವೆಂದರೆ ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಮೊದಲು ಮನೆಯ ದಾರಿ ಹೋಯಿತು, ಆಮೇಲೆ ಬಚ್ಚಲ ದಾರಿ, ಆಮೇಲೆ ಅಂಗಿಯ ಗುಂಡಿ ಹಾಕುವ ಬಗೆ. "ಇದು ಹೋಗ್ತಾ ಹೋಗುತ್ತಮ್ಮ, ವಾಪಸ್ ಬರೋ ಕಾಯಿಲೆ ಅಲ್ಲ," ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಟೈಲರಮ್ಮ ತಲೆಯಾಡಿಸಿ, ಪಾಠದ ಕೋಣೆಯ ಬೀಗದ ಕೈ ಮಾಲೀಕನಿಗೆ ಕೊಟ್ಟು, ಗಂಡನನ್ನು ಮನೆಗೆ ಕರೆತಂದಳು. ಅಲ್ಲಿಯವರೆಗೂ ಅವಳು ಅತ್ತಿರಲಿಲ್ಲ. ಅತ್ತದ್ದು ಒಂದು ಬೆಳಿಗ್ಗೆ, ಅವಳು ಕಾಫಿ ಲೋಟ ಹಿಡಿದು ಎದುರಿಗೆ ನಿಂತಾಗ ಮೇಷ್ಟ್ರು ತಲೆಯೆತ್ತಿ ನೋಡಿ, "ಹೊಸ ಅಡ್ಮಿಷನ್ನಾ? ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದಾಗ.

ಅಯ್ಯೋ ದೇವರೇ! ಜಗಳವಾಡಿ ಮೂರು ದಿನ ಮಾತು ಬಿಟ್ಟಾಗಲೂ ಈ ಮನುಷ್ಯ ಅವಳನ್ನು ಬಹುವಚನದಲ್ಲಿ ಕರೆದವನಲ್ಲ. ಕೂತ್ಕೊಳ್ಳೇ ಎಂದಿದ್ದರೆ, ಹೋಗೇ ಎಂದು ಬೈದಿದ್ದರೂ, ಅವಳು ಸಹಿಸುತ್ತಿದ್ದಳು. "ನಾನು ಕಣ್ರೀ, ನಿಮ್ಮ ಸೂಜಿ," ಎಂದು ಭುಜ ಹಿಡಿದಳು. ಮೇಷ್ಟ್ರು ಹೆದರಿ ಗೋಡೆಗೆ ಒತ್ತಿಕೊಂಡರು. ಪರಕೀಯಳೊಬ್ಬಳು ಮೈಮೇಲೆ ಬಿದ್ದರೆ ಮರ್ಯಾದಸ್ಥ ಗಂಡಸು ಹೇಗೆ ಮುದುಡುತ್ತಾನೋ ಹಾಗೆ. ಮತ್ತೆರಡು ಸಲ ಹೇಳಿ ನೋಡಿದಳು, ಎರಡು ಸಲವೂ ಅದೇ ಭಯ. ಅಲ್ಲಿಂದಾಚೆ ಹೇಳುವುದನ್ನು ನಿಲ್ಲಿಸಿದಳು. ಹೇಳದಿದ್ದರೇನು, ಒಂದೇ ಒಂದು ಸಲ ಆ ಬಾಯಿಂದ ಸೂಜಿ ಅನ್ನಿಸಿಕೊಳ್ಳಬೇಕು ಎನ್ನುವ ಆಸೆಯೊಂದು ಅವಳ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಮೇಷ್ಟ್ರು ಹಗಲೆಲ್ಲ ಮುಂದಿನ ಕೋಣೆಯಲ್ಲಿ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತಿರುತ್ತಿದ್ದರು. ಬೆರಳ ಗೆಣ್ಣಿನಿಂದ ಮೇಜು ಕುಟ್ಟುವುದು, ಏನೋ ಗುಣುಗುವುದು, ಉತ್ತರಕ್ಕೆ ಕಾಯುವುದು, ಬಾರದೆ ಪೆಚ್ಚಾಗುವುದು. ಕಾಯಿಲೆಯ ಬಡಬಡಿಕೆ ಎಂದು ಅವಳು ಸುಮ್ಮನಿದ್ದಳು. ಅದರ ಮರ್ಮ ತಿಳಿದದ್ದು ಪ್ಯಾಂಟಿನ ಸೊಂಟ ಬಿಚ್ಚಿಸಲು ಟ್ಯಾಕ್ಸಿಯವನು ಬಂದ ದಿನ. ಮೇಷ್ಟ್ರ ಹಳೆಯ ಶಿಷ್ಯ, ಈಗ ಮೂರು ಮಕ್ಕಳ ತಂದೆ; ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು.

ಮೇಷ್ಟ್ರು ಮೇಜನ್ನು ಒಂದು ಸಲ ಕುಟ್ಟಿದರು. ಟ್ಯಾಕ್ಸಿಯವನು ಚಪ್ಪಲಿ ಬಿಟ್ಟವನು ಅಲ್ಲೇ ಅಟೆನ್ಷನ್ನಿನಲ್ಲಿ ನಿಂತು, "ಕೋಸೊ," ಎಂದ. ಎರಡು ಸಲ ಕುಟ್ಟಿದರು. "ಕೋಸೆಸ್." ಮೂರು ಸಲ. "ಕೋಸೆ." ಮೇಷ್ಟ್ರ ಮುಖ ಅರಳಿತು. ತಿಂಗಳುಗಳಿಂದ ಟೈಲರಮ್ಮ ನೋಡದಿದ್ದ ಮುಖ ಅದು.

"ಏನೋ ಅದು? ಏನು ಮಂತ್ರ?" ಎಂದಳು, ಕತ್ತರಿ ಕೈಯಲ್ಲೇ ಹಿಡಿದು.

"ಮಂತ್ರ ಅಲ್ಲಮ್ಮ, ಕ್ರಿಯಾಪದ. ಒಂದೇಟು ಅಂದ್ರೆ ನಾನು, ಎರಡೇಟು ನೀನು, ಮೂರೇಟು ಅವನು ಅಥವಾ ಅವಳು. ಏಟು ಬಿದ್ದಂಗೆ ನಾವು ಹೇಳ್ಬೇಕು. ಕೋಸೆರ್ ಅಂದ್ರೆ ಹೊಲಿಯೋದು."

"ಹೊಲಿಯೋದಾ?"

"ನಿಮಗೆ ಗೊತ್ತಿಲ್ವಾ? ಪುಸ್ತಕದಲ್ಲಿ ಮಾದರಿ ಕ್ರಿಯಾಪದ ಅಂತ ತಿನ್ನೋದು ಅನ್ನೋ ಪದ ಇರುತ್ತೆ. ಊರಲ್ಲಿ ಎಲ್ಲ ಮೇಷ್ಟ್ರುಗಳೂ ಅದನ್ನೇ ಕಲಿಸ್ತಾರೆ. ನಮ್ಮ ಸಾರ್ ಮಾತ್ರ ಅದನ್ನ ಹೊಡೆದು ಹಾಕಿ ಹೊಲಿಯೋದು ಅಂತ ಬರೀತಿದ್ರು. 'ನಮ್ಮನೇಲಿ ಹೊಲಿದ ಮೇಲೇನೇ ತಿನ್ನೋದು ಕಣ್ರೋ, ಅದಕ್ಕೆ ಇದೇ ಮೊದಲು' ಅಂತಿದ್ರು. ಪ್ರತಿ ಬ್ಯಾಚಿಗೂ ಅದೇ ಜೋಕು. ನಾವು ಪ್ರತಿ ಸಲಾನೂ ನಗ್ತಿದ್ವಿ."

ಟೈಲರಮ್ಮ ನಗಲಿಲ್ಲ. ಕತ್ತರಿ ಕೆಳಗಿಟ್ಟಳು. ಜುಟ್ಟಿಗೆ ಮಲ್ಲಿಗೆ ಹೂವು ಎಂದು ತಾನು ಆಡಿಕೊಳ್ಳುತ್ತಿದ್ದಾಗಲೆಲ್ಲ ಈ ಮನುಷ್ಯ ಅಲ್ಲಿ ಮೇಲಿನ ಕೋಣೆಯಲ್ಲಿ ಕಂಡಕಂಡವರ ಬಾಯಲ್ಲಿ ತನ್ನ ಕೆಲಸವನ್ನೇ ಹೇಳಿಸುತ್ತಿದ್ದನಲ್ಲ! ಒಂದು ದಿನವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಹೇಳಲು ಬಂದಾಗ ತಾನಾದರೂ ಕೇಳಿದೆನೇ?

ಟ್ಯಾಕ್ಸಿಯವನು ಮತ್ತೊಂದು ಸಂಗತಿ ಹೇಳಿದ. ಆ ಪದವನ್ನು ಎಲ್ಲ ಕಾಲಗಳಲ್ಲೂ, ಆಸೆ ಅಪ್ಪಣೆಗಳ ರೂಪದಲ್ಲೂ, ಒಂದು ತಪ್ಪಿಲ್ಲದೆ ತುದಿಮುಟ್ಟ ಹೇಳಿದವರನ್ನು ಮೇಷ್ಟ್ರು ಎದ್ದು ನಿಂತು ಹೆಸರು ಹಿಡಿದು ಕರೆಯುತ್ತಿದ್ದರಂತೆ, ಚಾಕ್ ಅವರ ಕೈಗೆ ಕೊಟ್ಟು ಹಲಗೆಯ ಮೂಲೆಯಲ್ಲಿ ಆ ಹೆಸರು ಬರೆಸುತ್ತಿದ್ದರಂತೆ. "ಎಷ್ಟು ಜನ ಇದ್ರೂ ಸಾರ್ ಒಬ್ಬರ ಹೆಸರೂ ಮರೀತಿರಲಿಲ್ಲಮ್ಮ," ಎಂದವನು ನಾಲಿಗೆ ಕಚ್ಚಿಕೊಂಡ.

ಟೈಲರಮ್ಮನ ಕಿವಿಗೆ ಬಿದ್ದದ್ದು ಮಾತ್ರ ಒಂದೇ ಮಾತು, ಹೆಸರು ಹಿಡಿದು ಕರೆಯುತ್ತಿದ್ದರು.

"ನಂಗೆ ಕಲ್ಸೋ," ಎಂದಳು. "ನಿನ್ನ ಪ್ಯಾಂಟು ಜನ್ಮಪೂರ್ತಿ ಬಿಟ್ಟಿ ಬಿಚ್ಚಿಕೊಡ್ತೀನಿ. ಹೆಂಗಿದ್ರೂ ನಿನ್ನ ಹೊಟ್ಟೆ ನಿಲ್ಲೋ ಲಕ್ಷಣ ಕಾಣ್ತಿಲ್ಲ."

ಹೀಗೆ ಶುರುವಾಯಿತು. ಟ್ಯಾಕ್ಸಿಯವನು ಸಂಜೆ ಬಾಡಿಗೆಗಳ ನಡುವೆ ಬಂದು ಮಷೀನಿನ ಪಕ್ಕ ಸ್ಟೂಲು ಹಾಕಿಕೊಳ್ಳುವನು. ವಯಸ್ಸಾದ ತಲೆ, ಪದ ನಿಲ್ಲದು. ಕಡೆಗೆ ಅವಳು ತನ್ನ ಕಸುಬಿನ ದಾರಿಯನ್ನೇ ಹಿಡಿದಳು. ಕೋಸೆರ್ ಎನ್ನುವುದು ಅಂಗಿ. ಬಾಲದ ಎರ್ ಅದರ ತೋಳು. ಆ ತೋಳು ಬಿಚ್ಚಿ ಬೇರೆ ತೋಳು ಹಚ್ಚಿದರೆ ಬೇರೆ ಆಳಿಗೆ ಆಗುತ್ತದೆ. ನಾನು ಎನ್ನುವುದಕ್ಕೆ ಓ ತೋಳು, ನಾವು ಎನ್ನುವುದಕ್ಕೆ ಉದ್ದ ತೋಳು, ಕೋಸೆಮೊಸ್. ಆಗಿಹೋದದ್ದಕ್ಕೆ ಕೋಸೀ, ಎಷ್ಟೋ ಕಾಲ ಆಗುತ್ತಲೇ ಇದ್ದದ್ದಕ್ಕೆ ಕೋಸಿಯಾ. "ಮೂಗಿಗಿಂತ ಮೂಗುತಿ ಭಾರ ಅಂದಂಗಾಯ್ತು ಇವರ ಭಾಷೆ," ಎಂದು ಬೈಯುತ್ತಲೇ ಕಲಿತಳು. ಮಷೀನು ತುಳಿಯುತ್ತ, ಗುಂಡಿ ಹಚ್ಚುತ್ತ, ಅನ್ನ ಬಸಿಯುತ್ತ ಹೇಳಿಕೊಂಡಳು.

ಮೇಜಿನ ಮುಂದೆ ನಿಂತು ಮೊದಲ ಸಲ ಒಪ್ಪಿಸಿದಾಗ ದಾರಿಯಲ್ಲೇ ಮುಗ್ಗರಿಸಿದಳು. ಮುಂದೆ ಆಗುವುದರ ಸರದಿ ಬಂದಾಗ ಅಭ್ಯಾಸಬಲದಿಂದ ಮೊದಲೇ ತೋಳು ಕತ್ತರಿಸಿಬಿಟ್ಟಳು.

"ತಪ್ಪು," ಎಂದರು ಮೇಷ್ಟ್ರು. "ಮೊದಲಿಂದ."

"ಮುಂದಿಂದಕ್ಕೆ ಕತ್ತರಿ ಆಡಿಸಬಾರದಮ್ಮ," ಎಂದು ಆಮೇಲೆ ಟ್ಯಾಕ್ಸಿಯವನು ವಿವರಿಸಿದ. "ಪೂರ್ತಿ ಪದ ಹಾಗೇ ಇಟ್ಟು, ಅದರ ತುದಿಗೆ ಹಚ್ಚಬೇಕು. ಕೋಸೆರೇ, ಇನ್ಮುಂದೆ ಹೊಲೀತೀನಿ. ಕೋಸೆರಿಯಾ, ಕನ್ನಡದಲ್ಲಿ ಹೊಲಿದೇನು ಅಂತೀವಲ್ಲ, ಹಾಗೆ."

"ಅದನ್ನ ಮೊದಲೇ ಹೇಳೋಕೆ ಏನು ರೋಗ ನಿಂಗೆ?"

ಆಸೆಯ ರೂಪಗಳಿಗೆ ಬಂದಾಗ ಟ್ಯಾಕ್ಸಿಯವನು ಅದು ಭಾರಿ ಕಷ್ಟ, ಎಲ್ಲರೂ ಸೋಲುವುದು ಅಲ್ಲೇ ಎಂದು ಹೆದರಿಸಿದ. ಅವಳಿಗೆ ಅದೇ ಸುಲಭವಾಯಿತು. ಹೊಲಿಯಲಿ ಎನ್ನುವುದಕ್ಕೆ ಕೋಸಾ. ಬರಲಿ, ತಿಳಿಯಲಿ, ಒಮ್ಮೆ ಕರೆಯಲಿ ಎಂದು ಅವಳು ಹೇಗೂ ದಿನವಿಡೀ ಅದೇ ರೂಪದಲ್ಲಿ ಬದುಕುತ್ತಿದ್ದಳಲ್ಲ.

ಆದರೆ ಕಾಯಿಲೆ ಕೈಕಟ್ಟಿ ಕೂತಿರಲಿಲ್ಲ. ಅವಳು ಒಂದೊಂದೇ ಕಾಲ ಕಲಿಯುತ್ತ ಮುಂದೆ ಬಂದರೆ, ಮೇಷ್ಟ್ರು ಒಂದೊಂದೇ ಕಾಲ ಬಿಡುತ್ತ ಹಿಂದೆ ಹೋಗುತ್ತಿದ್ದರು. ಕೆಲವು ದಿನ ನಾಲ್ಕನೆಯ ಏಟಿಗೇ ಕೈ ನಿಂತು, ಮುಂದೇನು ಎಂದು ತಿಳಿಯದೆ ಬೆರಳನ್ನೇ ನೋಡುತ್ತ ಕೂರುವರು. ಇನ್ನು ತಡಮಾಡಿದರೆ ಕೇಳುವವರೇ ಇರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಮೇಷ್ಟ್ರು ಚೆನ್ನಾಗಿ ನಿದ್ದೆ ಮಾಡಿ ಎದ್ದು, ಸಂಜೆ ಗೆಲುವಾಗಿ ಕೂತಿದ್ದರು. ಅವಳು ಮುಖ ತೊಳೆದು, ತಲೆ ಬಾಚಿ, ಬಟ್ಟೆಗೆ ಗುರುತು ಹಾಕುವ ಚಾಕಿನ ತುಂಡೊಂದನ್ನು ಅವರ ಕೈಯಲ್ಲಿಟ್ಟು ಎದುರಿಗೆ ನಿಂತಳು. ಟ್ಯಾಕ್ಸಿಯವನು ಬಾಗಿಲಲ್ಲಿ ಉಸಿರು ಹಿಡಿದು ನಿಂತ.

ಏಟು ಬಿತ್ತು. ಅವಳು ಹೇಳಿದಳು. ಕೋಸೊ. ಕೋಸೆಸ್. ಕೋಸೆ. ಈಗಿನದು ಮುಗಿಯಿತು, ಆಗಿಹೋದದ್ದು ಮುಗಿಯಿತು. ಕೋಸಿಯಾ ಎನ್ನುವಾಗ, ಜ್ವರದಲ್ಲೂ ಯಾರದೋ ಮದುವೆಯ ರವಿಕೆಗಳನ್ನು ಹೊಲಿಯುತ್ತಿದ್ದ ತನ್ನ ಬೆನ್ನಿಗೆ ಈತ ಕಂಬಳಿ ಹೊದಿಸಿದ್ದು ನೆನಪಾಗಿ ದನಿ ನಡುಗಿತು. ತಡೆದುಕೊಂಡಳು. ಮುಂದಿನದಕ್ಕೆ ಕತ್ತರಿ ಆಡಿಸಲಿಲ್ಲ. ಆಸೆಗಳನ್ನೆಲ್ಲ ಒಂದೇ ಉಸಿರಿಗೆ ದಾಟಿದಳು. ಕಡೆಗೆ ಅಪ್ಪಣೆ. ಅದೂ ಮುಗಿಯಿತು.

ಮೇಷ್ಟ್ರು ಮೇಜು ಹಿಡಿದು ಎದ್ದು ನಿಂತರು. ಚಾಕಿನ ತುಂಡನ್ನು ಅವಳ ಅಂಗೈಯಲ್ಲಿಟ್ಟರು. ಬಾಯಿ ತೆರೆದರು.

"ಭೇಷ್," ಎಂದರು. "ನಿಮ್ಮ ಹೆಸರೇನಮ್ಮಾ?"

ಅವಳು ನಿಂತಲ್ಲೇ ಕುಗ್ಗಿಹೋದಳು. ಆದರೂ ಬಿಡದೆ ಕಟ್ಟಕಡೆಯ ಸಲ ಪ್ರಯತ್ನಿಸಿದಳು. "ಸೂಜಿ."

ಮೇಷ್ಟ್ರು ನಕ್ಕರು. "ಅರೆ! ನನ್ನ ಹೆಂಡ್ತೀನ ನಾನು ಹಾಗೇ ಕರೆಯೋದು. ಅವಳಿಗೂ ಇದನ್ನ ಕಲಿಸ್ಬೇಕು ಅಂತ ನಂಗೆ ಬಹಳ ಆಸೆ. ಕಾಲಿಗೆ ಬಿಡುವಾಗಲಿ ಅಂತಾಳೆ. ಪಾಪ, ಅವಳಿಗೆಲ್ಲಿ ಬಿಡುವು." ಕಿಟಕಿಯಾಚೆ ನೋಡಿ ಗಡಿಬಿಡಿಗೊಂಡರು. "ಕತ್ತಲಾಯ್ತಲ್ಲ, ಕ್ಲಾಸು ಮುಗೀತು. ನಾನು ಮನೆಗೆ ಹೋಗ್ಬೇಕು. ನಾನು ಹೋಗೋವರೆಗೂ ಅವಳು ಊಟ ಮಾಡಲ್ಲ."

ಟ್ಯಾಕ್ಸಿಯವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಟೈಲರಮ್ಮ ಗಂಡನ ಚಪ್ಪಲಿ ತಂದು ಕಾಲಿಗೆ ಜೋಡಿಸಿದಳು.

"ಬನ್ನಿ ಸಾರ್, ಮನೆ ತನಕ ಬಿಟ್ಟುಬರ್ತೀನಿ," ಎಂದಳು.

ಬೀದಿಯ ಕೊನೆಯ ದೀಪದ ಕಂಬದವರೆಗೆ ನಡೆದರು. ಅಲ್ಲಿ ತಿರುಗಿ ವಾಪಸು ಬಂದರು. ದಾರಿಯುದ್ದಕ್ಕೂ ಮೇಷ್ಟ್ರು ಹೆಂಡತಿಯ ಕೈಕೆಲಸವನ್ನು ಹೊಗಳಿದರು. ಅವಳು "ಹೌದಾ ಸಾರ್" ಎನ್ನುತ್ತ ಕೇಳಿಸಿಕೊಂಡಳು. ತಮ್ಮದೇ ಮನೆಯ ಬಾಗಿಲು ಕಂಡಾಗ ಮೇಷ್ಟ್ರ ಹೆಜ್ಜೆ ಚುರುಕಾಯಿತು. ಹೊಸಿಲು ದಾಟುತ್ತಲೇ, ಪಕ್ಕದಲ್ಲಿ ಮೊಣಕೈ ಹಿಡಿದು ನಿಂತವಳ ತಲೆಯ ಮೇಲಿಂದ ಒಳಗಿನ ಕೋಣೆಯತ್ತ ಕತ್ತು ಚಾಚಿ ಕೂಗಿದರು:

"ಸೂಜೀ, ಬಂದೆ ಕಣೇ!"

ಇಷ್ಟು ದಿನ ಕಾದದ್ದು ಈ ಕೂಗಿಗೇ. ಕೂಗಿದ್ದು ಅವಳನ್ನೇ, ಆದರೆ ಅವಳ ಕಡೆಗಲ್ಲ. ಒಳಗಿನಿಂದ ಉತ್ತರ ಬಾರದೆ ಮೇಷ್ಟ್ರ ಮುಖ ಬಾಡತೊಡಗಿತು. ಅವಳು ಮೊಣಕೈ ಬಿಟ್ಟು, ಗೋಡೆಯ ಬದಿಯಿಂದ ನುಸುಳಿ ಒಳಗೆ ಓಡಿದಳು. ಮಷೀನಿನ ಮುಂದೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎಂದಿನ ದನಿ ತಂದುಕೊಂಡು, "ಬಂದ್ರಾ?" ಎಂದಳು.

"ಹೂಂ, ಬಂದೆ," ಎಂದು ನೆಮ್ಮದಿಯ ದನಿ ಬಂತು. ಕುರ್ಚಿ ಎಳೆದ ಸದ್ದಾಯಿತು. ಅವಳು ಪೆಡಲು ತುಳಿದಳು.

ಹೊರಗೆ ಮೇಷ್ಟ್ರು ಮೇಜನ್ನು ಮೂರು ಸಲ ಕುಟ್ಟಿ, ತಮಗೆ ತಾವೇ ಹೇಳಿಕೊಂಡರು. "ಕೋಸೆ." ಅದರ ಅರ್ಥ ಈಗ ಅವಳಿಗೆ ಗೊತ್ತಿತ್ತು. ಹೊಲಿಯುತ್ತಾಳೆ.

ತಡೆಯಲಾರದೆ ಎದ್ದು ಅವರ ಬಳಿ ಹೋಗಬೇಕೆಂದು ಪೆಡಲಿನ ಮೇಲಿನ ಕಾಲು ನಿಲ್ಲಿಸಿದಳು; ಮಷೀನಿನ ಸದ್ದು ನಿಂತಿತು. ತಕ್ಷಣ ಹೊರಗಿನಿಂದ, "ಸೂಜಿ? ಇದ್ದೀಯೇನೇ?" ಎಂದು ಕೇಳಿತು. ಎದ್ದು ಹೋದರೆ ಅವರಿಗೆ ಕಾಣುವುದು ಹೊಸ ಅಡ್ಮಿಷನ್ನು. ಇಲ್ಲೇ ಕೂತಿದ್ದರೆ ಮಾತ್ರ ಅವಳು ಹೆಂಡತಿ.

"ಇಲ್ಲೇ ಇದ್ದೀನಿ ಕಣ್ರೀ," ಎಂದಳು. ಬಟ್ಟೆಯಿಲ್ಲದೆ ಮಷೀನು ಓಡಿಸಿದರೆ ದಾರ ಗಂಟಾಗುತ್ತದೆ. ಸೂಜಿಯಿಂದ ದಾರ ಕಳಚಿ ಪಕ್ಕಕ್ಕಿಟ್ಟು, ಕಣ್ಣೀರು ಸುರಿಸುತ್ತ, ಖಾಲಿ ಮಷೀನನ್ನು ತುಳಿಯುತ್ತ ಕೂತಳು.