ಮುಯ್ಯಿಗೆ ಕರೆದ ದೊಡ್ಡಮ್ಮ

ಮೊನ್ನೆ ಮಧುಗಿರಿಯ ಸಂತೆಯಲ್ಲಿ ಒಬ್ಬಾಕೆ ಗೋಣಿಚೀಲದ ಮೇಲೆ ಕಡ್ಲೆಕಾಯಿ ಸುರಿದುಕೊಂಡು, ನೀರು ಚಿಮುಕಿಸಿ ಬಿಡಿಸುತ್ತಿದ್ದಳು. ಒದ್ದೆ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಹೆಬ್ಬೆರಳಿನ ತುದಿ ತಾನಾಗಿಯೇ ಚುರುಗುಟ್ಟಿತು. ಬಿತ್ತನೆ ಬೀಜ ಬಿಡಿಸಿದವರಿಗೆ ಆ ನೋವು ಗೊತ್ತು… ಆ ವಾಸನೆಯ ಹಿಂದೆಯೇ ಎದುರುಮನೆಯ ದೊಡ್ಡಮ್ಮ ನೆನಪಾದರು.

ಅವರು ನಮಗೆ ಸಂಬಂಧಿಕರಲ್ಲ. ದೊಡ್ಡೇರಿಯ ಹತ್ತಿರದ ನಮ್ಮ ಊರಿನಲ್ಲಿ ನಮ್ಮ ಮನೆಯ ಎದುರಿಗೆ ಅವರ ಮನೆ. ನಾನು ಸೊಸೆಯಾಗಿ ಬಂದ ದಿನದಿಂದ ದೊಡ್ಡಮ್ಮ ಎಂದೇ ಕರೆದೆ. ಗಂಡ ತೀರಿಕೊಂಡಿದ್ದರು. ಮಗನಿದ್ದ, ಒಂದು ಜೊತೆ ಎತ್ತಿದ್ದವು, ಬಾಯಿ ಜೋರಾಗಿತ್ತು. ಬೀಜ ಬಿಡುವುದರಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ನೇಗಿಲ ಹಿಂದೆ ಬಗ್ಗಿ ನಡೆಯುತ್ತ ಗೇಣಿಗೆ ಎರಡರಂತೆ ಬಿಟ್ಟುಕೊಂಡು ಹೋದರೆ, ಮೊಳಕೆ ಬಂದ ಮೇಲೆ ಸಾಲು ನೋಡಿಯೇ ಇದು ಅವರ ಕೈ ಎಂದು ಹೇಳಬಹುದಿತ್ತು.

ನಮ್ಮ ಬೀದಿಯ ಆರು ಮನೆಗಳ ನಡುವೆ ಮುಯ್ಯಿ ಇತ್ತು. ನಾನು ನಿನ್ನ ಹೊಲಕ್ಕೆ ಬಂದು ದುಡಿದರೆ ನೀನು ನನ್ನ ಹೊಲಕ್ಕೆ ಬಂದು ದುಡಿಯಬೇಕು. ಕೂಲಿಯ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ನಮ್ಮದು ಎತ್ತಿಲ್ಲದ ಮನೆ. ನಮ್ಮ ಯಜಮಾನರು ಸೈನ್ಯದಲ್ಲಿದ್ದರು. ಮನೆಯಲ್ಲಿ ನಾನು, ಅತ್ತೆ, ಮೂರು ವರ್ಷದ ಮಗಳು. ಪ್ರತಿ ಮುಂಗಾರಿನಲ್ಲೂ ನಾನು ಐದು ಮನೆಗಳವರ ಹೊಲದಲ್ಲಿ ಬೀಜ ಬಿಡುತ್ತಿದ್ದೆ. ಆ ಐದೂ ಮನೆಯವರು ನೇಗಿಲು ಹೊಡೆದುಕೊಂಡು ನಮ್ಮ ಮೂರು ಎಕರೆಗೆ ಬರುತ್ತಿದ್ದರು.

ಆ ವರ್ಷ ಕಾರ್ಗಿಲ್ ಯುದ್ಧ ಶುರುವಾಗಿತ್ತು. ಯಜಮಾನರ ತುಕಡಿಯನ್ನೂ ಅಲ್ಲಿಗೆ ಕಳಿಸಿದ್ದಾರೆಂದು ಒಂದು ಪತ್ರ ಬಂತು. ಆಮೇಲೆ ಹದಿನೆಂಟು ದಿನ ಏನೂ ಬರಲಿಲ್ಲ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆಗಳಿದ್ದವು: ಮಳೆ ಬಂತಾ, ಬಿತ್ತನೆ ಆಯ್ತಾ? ನಾನು ಉತ್ತರ ಬರೆದಿರಲಿಲ್ಲ. ಬಿತ್ತದೆ ಬಿತ್ತಿದೆವು ಎಂದು ಬರೆಯಲು ನನ್ನಿಂದಾಗುತ್ತಿರಲಿಲ್ಲ. ಬಿತ್ತಿಲ್ಲವೆಂದು ಬರೆದರೆ, ಆ ಬೆಟ್ಟದ ಮೇಲೆ ಅದನ್ನು ಓದಿಕೊಂಡು ಅವರಾದರೂ ಏನು ಮಾಡಬೇಕು?

ಊರಿನವರು ನಮ್ಮನ್ನು ಮರೆತಿರಲಿಲ್ಲ. ಶಾಲೆಯ ಮುಂದೆ ಶಾಮಿಯಾನ ಹಾಕಿ, ನನ್ನನ್ನೂ ಅತ್ತೆಯನ್ನೂ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಹಣ್ಣಿನ ತಟ್ಟೆ ಕೊಟ್ಟರು. ಯಾರ ಮನಸ್ಸಿನಲ್ಲೂ ಕಪಟವಿರಲಿಲ್ಲ. ನನ್ನ ಕಣ್ಣೂ ತುಂಬಿತ್ತು. ಆದರೆ ಮರುದಿನದಿಂದ ಬೀದಿ ಬೇರೆಯಾಯಿತು. ನೀರಿಗೆ ಹೋದರೆ ನನ್ನ ಬಿಂದಿಗೆಯನ್ನೇ ಮುಂದೆ ಇಡುತ್ತಿದ್ದರು. ಬೀಜ ಬಿಡಿಸಲು ಹೋದರೆ, “ನೀನ್ಯಾಕಮ್ಮ ಬಂದೆ? ಮನೇಲಿರು,” ಎಂದು ಮೊರ ಕಿತ್ತುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕುಳಿತು ರೇಡಿಯೊ ಕೇಳುವುದೊಂದೇ ಕೆಲಸವಾಯಿತು. ಅದರಲ್ಲಿ ಎಷ್ಟು ಜನ ಎಂದು ಹೇಳುತ್ತಿದ್ದರು, ಯಾರು ಎಂದು ಹೇಳುತ್ತಿರಲಿಲ್ಲ… ನನ್ನ ಕೈ ನಡುಗಲು ಶುರುವಾದದ್ದು ಆಗಲೇ.

ಗುರುವಾರ ಸಂಜೆ ಮಳೆ ಬಂತು. ಒಳ್ಳೆಯ ಮಳೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಬಿತ್ತನೆಯ ಹದ ಮೂರು ದಿನ ನಿಂತರೆ ಹೆಚ್ಚು. ಶುಕ್ರವಾರ ಬೆಳಿಗ್ಗೆ ನೇಗಿಲುಗಳು ನಮ್ಮ ಮನೆಯ ಮುಂದೆಯೇ ಹೊರಟವು. ಯಾರೂ ನನ್ನನ್ನು ಕರೆಯಲಿಲ್ಲ. ಸಂಜೆ ನಾನೇ ಮೂಲೆಮನೆಯ ಮಾವನ ಬಳಿ ಹೋದೆ. ಮುಯ್ಯಿಯಲ್ಲಿ ಯಾರ ಹೊಲ ಮೊದಲು, ಯಾರದು ಆಮೇಲೆ ಎಂದು ಹೇಳುತ್ತಿದ್ದವರು ಅವರು.

“ನಿಮ್ದು ಮಂಗಳ್ವಾರ ಕಣಮ್ಮ. ಊರೆಲ್ಲ ಸೇರ್ಕಂಡು ಸೇವೆ ಅಂತ ಮಾಡ್ಕೊಡ್ತೀವಿ,” ಎಂದರು.

“ಅಷ್ಟೊತ್ಗೆ ಹದ ಹೋಗಲ್ವಾ ಮಾವ? ಭಾನ್ವಾರ ಮಾಡ್ಬುಟ್ರೆ?”

“ಭಾನ್ವಾರ ದೊಡ್ಡೇರೀಲಿ ಸೈನಿಕರಿಗೋಸ್ಕರ ಮೆರವಣಿಗೆ. ಎತ್ತು ಸಿಂಗರಿಸ್ಕಂಡು ಹೋಗ್ಬೇಕು. ನಿನ್ ಗಂಡನ ಹೆಸ್ರಲ್ಲೇ ಕಣಮ್ಮ ಹೋಗ್ತಿರೋದು. ಮತ್ತೆ ಮಳೆ ಬತ್ತದೆ ಬುಡು.”

ಸೋಮವಾರ ಬಸವಣ್ಣನ ದಿನ. ನಮ್ಮಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಶನಿವಾರ ಉಳಿದ ಮೂರು ಮನೆಗಳ ಸರದಿ. ಲೆಕ್ಕ ಹಾಕಿಕೊಂಡು ಮನೆಗೆ ಬಂದೆ. ಮಾವನೊಡನೆ ಜಗಳವಾಡಲು ಬಾಯಿ ಬರಲಿಲ್ಲ. ಅಷ್ಟು ಗೌರವ ಕೊಟ್ಟವರೊಡನೆ ಹೇಗೆ ಜಗಳವಾಡುವುದು?

ಶನಿವಾರ ಬೆಳಕು ಹರಿಯುವಾಗ ದೊಡ್ಡಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಲೇ, ಸೆರಗು ಕಟ್ಕಂಡು ಬಾ. ನಮ್ಮ ಹೊಲಕ್ಕೆ ಆಳು ಸಾಲ್ದು.”

ಅತ್ತೆಗೆ ರೇಗಿತು. “ಏನೇ, ಬುದ್ಧಿ ನೆಟ್ಟಗೈತಾ ನಿಂಗೆ? ನನ್ ಮಗ ಅಲ್ಲಿ ಗುಂಡಿನ ಬಾಯಾಗವ್ನೆ. ಇವಳ್ನ ಕೆಲ್ಸಕ್ಕೆ ಕರೀತೀಯಾ?”

“ಅವ್ನು ಅಲ್ಲಿ ಕೆಲ್ಸ ಮಾಡ್ತಾವ್ನೆ. ಇವಳೂ ಮಾಡ್ಲಿ. ಕೂತ್ಕಂಡು ರೇಡಿಯೋ ಕೇಳುದ್ರೆ ಗುಂಡು ತಪ್ಪೋಯ್ತದಾ?”

ನಾನು ಎದ್ದು ಹೊರಟೆ. ಅತ್ತೆ ಆಮೇಲೆ ನೆಟಿಕೆ ಮುರಿದು ಶಾಪ ಹಾಕಿದರಂತೆ, ನನಗೆ ಕೇಳಿಸಲಿಲ್ಲ. ಹೊಲದಲ್ಲಿ ನನ್ನನ್ನು ಕಂಡದ್ದೇ ಮಾವ ನೇಗಿಲು ನಿಲ್ಲಿಸಿದರು.

“ಯೋಧನ ಹೆಂಡ್ತೀನ ಕೂಲಿಗೆ ಎಳ್ಕಂಡ್ ಬಂದಿದ್ದೀಯಲ್ಲ, ಊರು ಉಗುಳ್ತದೆ ಕಣಮ್ಮ ನಿಂಗೆ.”

“ಕೂಲಿಗಲ್ಲ ಕಣಯ್ಯ, ಮುಯ್ಯಿಗೆ,” ಎಂದರು ದೊಡ್ಡಮ್ಮ. ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಶಾಲು ಹೊದ್ಸಿ ಮನೇಲಿ ಕೂರ್ಸ್‌ಬುಟ್ರಿ. ದೇವರ ಗುಡೀಲಿ ಕೂರ್ಸ್‌ದಂಗೆ. ಅವಳು ನಿಮ್ಮ ಹೊಲ ತುಳೀಲಿಲ್ಲ ಅಂದ್ರೆ ಅವಳ ಹೊಲ ತುಳೀಬೇಕು ಅಂತ ಯಾರಿಗೈತೆ? ಮಂಗಳ್ವಾರ ಸೇವೆ ಮಾಡ್ತಾರಂತೆ ಸೇವೆ! ಒಣಗಿದ ಮಣ್ಣಿಗೆ ಸೇವೆ ಮಾಡುದ್ರೆ ಹುಟ್ತದೇನ್ಲಾ?”

ಮಾವ ಬಾರುಕೋಲು ಹಿಡಿದು ನಿಂತೇ ಇದ್ದರು. ಆಮೇಲೆ, “ಹೊಳೀಲೇ ಇಲ್ವಲ್ಲ ನಮಗೆ,” ಎಂದು ಎತ್ತುಗಳಿಗೆ ಹೇಳಿದಂತೆ ಹೇಳಿದರು.

ನಾನು ಮಡಿಲು ತುಂಬ ಬೀಜ ಕಟ್ಟಿಕೊಂಡು ಸಾಲಿಗಿಳಿದೆ. ಕೈ ನಡುಗಿ ಬೀಜ ನಾಲ್ಕು, ಐದು ಒಟ್ಟಿಗೆ ಬೀಳುತ್ತಿದ್ದವು. ಪಕ್ಕದ ಸಾಲಿನಿಂದ ದೊಡ್ಡಮ್ಮ ಕೂಗಿದರು: “ಗೇಣಿಗೆ ಎರಡು ಕಣೇ! ಬಿತ್ತಾ ಇದ್ದೀಯೋ, ಮದ್ವೆ ಮನೇಲಿ ಅಕ್ಷತೆ ಹಾಕ್ತಾ ಇದ್ದೀಯೋ?” ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ… ಗೇಣಿಗೆ ಎರಡು, ಗೇಣಿಗೆ ಎರಡು ಎಂದುಕೊಂಡು ನಡೆದೆ. ಮೂರನೆಯ ಹೊಲ ಮುಗಿಯುವ ಹೊತ್ತಿಗೆ ಕೈ ನನ್ನದಾಗಿತ್ತು.

ಭಾನುವಾರ ಕಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೆರವಣಿಗೆಗೆಂದು ಎತ್ತುಗಳ ಕೊಂಬಿಗೆ ಹಿಂದಿನ ದಿನವೇ ಬಣ್ಣ ಬಳಿದಾಗಿತ್ತು. ಕೊರಳಿಗೆ ಗೆಜ್ಜೆ ಕಟ್ಟಿಯಾಗಿತ್ತು. ಹಾಗೆಯೇ ಐದು ಜೊತೆ ಎತ್ತುಗಳು ದೊಡ್ಡೇರಿಯ ದಾರಿ ಬಿಟ್ಟು ನಮ್ಮ ಹೊಲದ ದಾರಿ ಹಿಡಿದವು. ಮುಂದೆ ಮಾವ, ಹೊಸ ಪಂಚೆಯಲ್ಲಿ. ಬದುವಿನ ಮೇಲೆ ನಿಂತು ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡರು.

ಮಾವನ ಮಗನಿಗೆ ಮೆರವಣಿಗೆ ತಪ್ಪಿದ್ದಕ್ಕೆ ಬೇಸರವಾಗಿತ್ತು. “ಜೈಕಾರ ಹಾಕೋರೇ ಇಲ್ದಂಗಾಯ್ತು,” ಎಂದ.

“ಬಾಯಿ ಮನೇಲಿ ಬುಟ್ ಬಂದಿದ್ದೀಯೇನ್ಲಾ? ನೇಗ್ಲು ಹೊಡೀತಾ ಕೂಗು,” ಎಂದರು ದೊಡ್ಡಮ್ಮ.

ಅವನು ನಿಜವಾಗಿಯೂ ಕೂಗಿದ. ಐದು ನೇಗಿಲಿನವರೂ ಕೂಗಿದರು. ಬೀಜ ಬಿಡುತ್ತಿದ್ದ ಹೆಂಗಸರು ಕೂಗಿದರು. ಶಾಪ ಹಾಕಿದ್ದ ಅತ್ತೆ ಬುತ್ತಿ ಹೊತ್ತು ತಂದವರು ಬದುವಿನ ಮೇಲೆ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಬಣ್ಣದ ಕೊಂಬುಗಳು ಹೊಲದ ಆ ಕೊನೆಗೆ ಹೋಗಿ ಈ ಕೊನೆಗೆ ತಿರುಗುತ್ತಿದ್ದವು, ಗೆಜ್ಜೆ ಸದ್ದು ಮಾಡುತ್ತಿತ್ತು. ಹೊತ್ತು ಇಳಿಯುವ ಮೊದಲೇ ಮೂರು ಎಕರೆ ಮುಗಿಯಿತು. ನಡುವೆ ತೊಗರಿಯ ಸಾಲುಗಳನ್ನೂ ಬಿಡದೆ ಹಾಕಿದರು. ನಾನು ಯಾರಿಗೂ ಕೈ ಮುಗಿಯಲಿಲ್ಲ. ಮುಗಿಯಬೇಕಾಗಿರಲಿಲ್ಲ. ಅವರ ಹೊಲದಲ್ಲಿ ನನ್ನ ಬೆವರು ಬಿದ್ದಿತ್ತು.

ಸೋಮವಾರ ಪತ್ರ ಬರೆದೆ. “ಗುರುವಾರ ಮಳೆ ಬಂತು. ಭಾನುವಾರ ಹದದಲ್ಲಿ ಬಿತ್ತಿದೆವು. ನಾನು ಮುಯ್ಯಿಗೆ ಹೋಗಿದ್ದೆ. ಎಲ್ಲರೂ ಬಂದಿದ್ದರು.” ಇಷ್ಟೇ. ಮಂಗಳವಾರ ಒಣಗಾಳಿ ಎದ್ದು ಮೇಲ್ಮಣ್ಣು ಪುಡಿಯಾಯಿತು. ಮತ್ತೆ ಇಪ್ಪತ್ತು ದಿನ ಹನಿ ಬೀಳಲಿಲ್ಲ. ಅಷ್ಟರಲ್ಲಿ ನಮ್ಮ ಹೊಲದಲ್ಲಿ ಸಾಲು ಸಾಲಾಗಿ ಮೊಳಕೆ ನಿಂತಿತ್ತು.

ಕಾಯಿ ಕೀಳುವ ಕಾಲಕ್ಕೆ ಯಜಮಾನರು ರಜೆಯ ಮೇಲೆ ಬಂದರು. ತುಂಬ ಸೊರಗಿದ್ದರು, ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬಂದ ಮೂರನೆಯ ದಿನ ದೊಡ್ಡಮ್ಮ ಅವರನ್ನೂ ಬಿಡಲಿಲ್ಲ, ಹೊಲಕ್ಕೆ ಕರೆದೊಯ್ದರು. “ಬಂದೂಕ ಹಿಡ್ದು ಕೈ ಮೆತ್ತಗಾಗೈತೆ ಕಣ್ಲಾ, ಗಿಡ ಬುಡ ಸಮೇತ ಕೀಳು,” ಎಂದು ಬಲಗಿವಿಯ ಕಡೆ ಬಂದು ಬೈದರು. ಅವರು ಸಂಜೆಯವರೆಗೂ ಕಿತ್ತರು. ಆ ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು.

ಯುದ್ಧದ ವಿಷಯ ಅವರು ಆಗಲೂ ಹೇಳಲಿಲ್ಲ, ನಿವೃತ್ತರಾದ ಮೇಲೂ ಹೇಳಲಿಲ್ಲ. ನಾನು ಕೇಳುವುದನ್ನು ಬಿಟ್ಟಿದ್ದೆ. ಮೊನ್ನೆ ಸಂತೆಯಿಂದ ಬಂದು ಕಡ್ಲೆಕಾಯಿ ಬಿಡಿಸುತ್ತಿದ್ದವಳನ್ನು ಕಂಡದ್ದು ಹೇಳಿದೆ. ಟಿವಿಯಲ್ಲಿ ಗಡಿಯ ಸುದ್ದಿ ಅರಚುತ್ತಿತ್ತು. ಅವರು ಎದ್ದು ಅದನ್ನು ಆರಿಸಿದರು. ನನ್ನ ಆ ಪತ್ರ ತಲುಪಿದ ದಿನದ ಬಗ್ಗೆ ಮೊದಲ ಸಲ ಹೇಳಿದರು.

ಜೊತೆಯಲ್ಲಿ ಏಳು ಜನರಿದ್ದರಂತೆ, ಎಲ್ಲರೂ ಬೇಸಾಯದ ಮನೆಯವರು. ಏನು ಬರೆದಿದೆ ಎಂದು ಕೇಳಿದಾಗ ಇವರು ಹಿಂದಿಯಲ್ಲಿ ಓದಿ ಹೇಳಿದರು. ಎಷ್ಟು ಎಕರೆ, ಎಷ್ಟು ನೇಗಿಲು, ತೊಗರಿಯೂ ಹಾಕಿದರಾ ಎಂದು ಅಷ್ಟೂ ಜನ ಸುತ್ತ ಕುಳಿತು ಕೇಳಿದರಂತೆ, ಅದು ತಮ್ಮದೇ ಹೊಲ ಎಂಬ ಹಾಗೆ. ಒಬ್ಬ ಹುಡುಗ ಪತ್ರವನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿದ. ಅವನ ಊರಿನಿಂದ ಪತ್ರ ಬಂದಿರಲಿಲ್ಲ. “ಹಾಗಾದರೆ ನಮ್ಮ ಮನೆಯಲ್ಲೂ ಬಿತ್ತಿರುತ್ತಾರೆ,” ಎಂದನಂತೆ. ಎರಡು ದಿನದ ಮೇಲೆ ಅವರ ತುಕಡಿ ಆ ಬೆಟ್ಟ ಹತ್ತಿ ಗೆದ್ದಿತು. ಆ ಹುಡುಗ ಇಳಿದು ಬರಲಿಲ್ಲ.

ಇದನ್ನು ದೊಡ್ಡಮ್ಮನಿಗೆ ಹೇಳಬೇಕಿತ್ತು ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ನಮ್ಮ ಬೀದಿಯಲ್ಲಿ ಎತ್ತುಗಳಿಲ್ಲ. ಟ್ರ್ಯಾಕ್ಟರ್ ಬಂದು ಒಂದು ಗಂಟೆಯಲ್ಲಿ ಬಿತ್ತಿ ಹೋಗುತ್ತದೆ. ಯಾರನ್ನೂ ಯಾರೂ ಕರೆಯಬೇಕಾಗಿಲ್ಲ… ದೊಡ್ಡಮ್ಮ ಇದ್ದಿದ್ದರೆ ತಮ್ಮ ಹೊಗಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿ, “ಆ ಹುಡುಗನ ಹೊಲ ಯಾರು ಬಿತ್ತುದ್ರು?” ಎಂದು ಕೇಳುತ್ತಿದ್ದರು.