ಹಳದಿ ಪಟ್ಟಿ ಬಿಟ್ಟು ಕೆಂಪು ಪಟ್ಟಿಗೆ

ನಮ್ಮ ಹೆಡ್‌ಮಾಸ್ತರರು ನಿವೃತ್ತರಾದ ದಿನವೇ ನನ್ನ ಕ್ಯಾಮೆರಾವೂ ನಿವೃತ್ತಿ ಕೇಳಿತು. ಸೇಡಂನ ನಮ್ಮ ಹೈಸ್ಕೂಲಿನ ಅಂಗಳದಲ್ಲಿ ಅವರು ಶಾಲು ಹೊದ್ದು, ಕೊರಳ ತುಂಬ ಹಾರ ಹಾಕಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ವಿಜ್ಞಾನ ಕಲಿಸುವುದರ ಜೊತೆಗೆ ಶಾಲೆಯ ಫೋಟೋ ತೆಗೆಯುವುದೂ ನನ್ನದೇ ಕೆಲಸ. ಗುಂಡಿ ಒತ್ತಿದೆ. ‘ಟಕ್’ ಎನ್ನಬೇಕಾದದ್ದು ‘ಟ’ ಎಂದು ಸುಮ್ಮನಾಯಿತು. ಒಳಗಿನ ಕನ್ನಡಿ ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಕಿಂಡಿಯಲ್ಲಿ ಕಣ್ಣಿಟ್ಟರೆ ಕಗ್ಗತ್ತಲೆ.

“ಟೀಚರ್, ಇನ್ನಾ ಎಷ್ಟೊತ್ತು ನಗ್ಬೇಕ್ರಿ?” ಎಂದು ಹೆಡ್‌ಮಾಸ್ತರರು ತುಟಿ ಅಲುಗಿಸದೆ ಕೇಳಿದರು.

“ಆಯ್ತು ಸರ್, ಭಾಳ ಚಂದ ಬರ್ಲಿಕತ್ತದ,” ಎಂದು ನಾನು ಆ ಕತ್ತಲೆಯನ್ನೇ ನೋಡುತ್ತ ಹೇಳಿದೆ.

ಕ್ಯಾಮೆರಾದ ಬೆನ್ನಿಗೆ ತಟ್ಟಿದ ಮೇಲೆ ಕನ್ನಡಿ ಇಳಿಯಿತು, ಫೋಟೋವೂ ಬಂತು. ಅದರಲ್ಲಿ ಹೆಡ್‌ಮಾಸ್ತರರು ಹಲ್ಲುನೋವಿಗೆ ಔಷಧ ಕೇಳಲು ಬಂದವರಂತೆ ಕಾಣುತ್ತಾರೆ. ಈಗಲೂ ಅದು ಸ್ಟಾಫ್ ರೂಮಿನ ಗೋಡೆಯ ಮೇಲಿದೆ. ನಾನು ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತೇನೆ.

ಹೊಸದು ಕೊಳ್ಳಬೇಕು ಎಂಬುದರಲ್ಲಿ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ನಮ್ಮ ಕಡೆಯ ಸಿಮೆಂಟಿನ ಬಿಳಿ ಧೂಳು ಕುಡಿದು ಕುಡಿದು ಆ ಕ್ಯಾಮೆರಾ ಸಾಕಷ್ಟು ದುಡಿದಿತ್ತು. ತಕರಾರು ಹುಟ್ಟಿದ್ದು ಯಾವ ಕಂಪನಿಯದು ಎಂಬಲ್ಲಿ. ಕಂಪನಿಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲೇ ಎರಡು ಪಕ್ಷಗಳಾಗುತ್ತವೆ. ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯ ಬಣ್ಣದಿಂದಲೇ ನಾವು ಅವರನ್ನು ಗುರುತಿಸುವುದು: ಹಳದಿ ಪಟ್ಟಿಯವರು, ಕೆಂಪು ಪಟ್ಟಿಯವರು. ಒಬ್ಬರ ಲೆನ್ಸು ಇನ್ನೊಬ್ಬರ ಕ್ಯಾಮೆರಾಕ್ಕೆ ಕೂಡುವುದಿಲ್ಲ. ಕಂಪನಿ ಬದಲಿಸುವುದೆಂದರೆ ಇದ್ದ ಲೆನ್ಸುಗಳನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಬೇರೆ ಮನೆಗೆ ಹೋದಂತೆ.

ನಾನು ಹಳದಿ. ಅದಕ್ಕೆ ಕಾರಣ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತೇನೆ. ಶಹಾಬಾದಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ವಾರವೆಲ್ಲ ಹುಡುಗಿಯರ ಹುಬ್ಬು ತೀಡಿ, ಭಾನುವಾರ ಬೆಳಗ್ಗೆ ಹಳೆಯ ಕಲ್ಲುಗಣಿಗಳ ಕಡೆ ನಡೆಯುತ್ತಾಳೆ. ನೆಲಹಾಸಿನ ಫರ್ಸಿ ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು, ಅಲ್ಲಿ ಮಿಂಚುಳ್ಳಿ, ಕೊಕ್ಕರೆ, ನೀರುಕಾಗೆ ಬರುತ್ತವೆ. “ಮನ್ಷಾರ ಮುಖ ನೋಡಿ ನೋಡಿ ಸಾಕಾಗ್ಯಾದ ತಂಗಿ. ಹಕ್ಕಿ ಬಂದು ಹುಬ್ಬು ಮಾಡಂತ ಕೇಳಲ್ಲ,” ಎನ್ನುತ್ತಾಳೆ. ದೂರದ ಹಕ್ಕಿಯನ್ನು ಹತ್ತಿರ ತರುವ ದೊಡ್ಡ ಲೆನ್ಸು ಅವಳದು. ಮನೆಮಂದಿ, ಸಭೆ ಸಮಾರಂಭಕ್ಕೆ ಬೇಕಾದ ಸಣ್ಣ ಲೆನ್ಸುಗಳು ನನ್ನವು. ಎರಡೂ ಕ್ಯಾಮೆರಾ ಒಂದೇ ಕಂಪನಿಯವಾದ್ದರಿಂದ ನಾವು ಲೆನ್ಸು ಹಂಚಿಕೊಂಡು ಬಾಳುತ್ತಿದ್ದೆವು.

ಕೊಡುವುದು ಕೊಳ್ಳುವುದು ವಾಡಿ ಜಂಕ್ಷನ್ನಿನಲ್ಲಿ. ಅವಳು ಶಹಾಬಾದಿನಿಂದ ಬರುತ್ತಿದ್ದಳು, ನಾನು ಸೇಡಂನಲ್ಲಿ ರೈಲು ಹತ್ತಿ ಚಿತ್ತಾಪುರ ದಾಟಿ ಬರುತ್ತಿದ್ದೆ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಅತ್ತೆಯ ಮಾತು, ಗಂಡಂದಿರ ಮಾತು ಎಲ್ಲ ಮುಗಿಸಿ, ಏಳುವಾಗ ಲೆನ್ಸು ಬದಲಿಸಿಕೊಳ್ಳುತ್ತಿದ್ದೆವು. ದೊಡ್ಡ ಲೆನ್ಸಿಗೆ ಪೆಟ್ಟಾಗದಿರಲೆಂದು ಅಕ್ಕ ಅದಕ್ಕೆ ಮಕ್ಕಳ ಕುಲಾವಿ ತೊಡಿಸಿರುತ್ತಿದ್ದಳು. ಒಮ್ಮೆ ರೈಲ್ವೆ ಪೊಲೀಸರೊಬ್ಬರು ನಮ್ಮನ್ನು ಬಹಳ ಹೊತ್ತು ನೋಡಿ ಹತ್ತಿರ ಬಂದರು.

“ಏನ್ರಿ ಅದು, ಕೂಸಿನಂಗ ಎತ್ಕೊಂಡು ಕೊಡಾಕತ್ತೀರಿ?”

“ಲೆನ್ಸ್ ರಿ ಸಾಹೇಬ್ರೆ,” ಎಂದು ಅಕ್ಕ ಕುಲಾವಿ ತೆಗೆದು ತೋರಿಸಿದಳು.

ಅವರು ಅದರೊಳಗೆ ಇಣುಕಿ, ತಮ್ಮದೇ ಮುಖ ತಲೆಕೆಳಗಾಗಿ ಕಂಡಿರಬೇಕು, ಮೀಸೆ ಸರಿಮಾಡಿಕೊಂಡು ಹೋದರು.

ಹೀಗಿರುವಾಗ ಹೊಸ ಕ್ಯಾಮೆರಾ ಹಳದಿಯದೇ ಆಗಬೇಕು ಎನ್ನುವುದರಲ್ಲಿ ಯೋಚಿಸುವುದೇನಿದೆ? ನಾನೂ ಹಾಗೆಂದೇ ತಿಳಿದಿದ್ದೆ. ಕೆಡಿಸಿದವರು ನಮ್ಮ ಓಣಿಯ ಸ್ಟುಡಿಯೋ ಭಾಯ್. ಅಪ್ಪನ ಕಾಲದಿಂದ ಮದುವೆ ಫೋಟೋ ತೆಗೆಯುವ ಮನೆತನ, ಪಕ್ಕಾ ಕೆಂಪು ಪಟ್ಟಿಯವರು. ನನ್ನ ಕ್ಯಾಮೆರಾದ ಸುದ್ದಿ ಕೇಳಿ ತಮ್ಮದೊಂದನ್ನು ತಂದು ನನ್ನ ಕೈಯಲ್ಲಿಟ್ಟರು.

“ಒಯ್ದು ನೋಡ್ರಿ ಟೀಚರ್. ಈ ವಾರ ಶಾದಿ ಯಾವ್ದೂ ಇಲ್ಲ. ಪಸಂದ್ ಬರ್ಲಿಲ್ಲಂದ್ರ ವಾಪಸ್ ಕೊಡ್ರಿ.”

“ನನ್ನ ಕೈಯಾಗ ಕೆಟ್ಟರ, ಭಾಯ್?”

“ಕೆಟ್ಟರ ನಿಮ್ದೇ ಆಗ್ತದ. ಫೈಸಲಾ ಜಲ್ದಿ ಆಗ್ತದ ನೋಡ್ರಿ!”

ಹಿಡಿದ ಕೂಡಲೇ ಒಂದು ವಿಷಯ ಗೊತ್ತಾಯಿತು. ನನ್ನ ಕೈ ಸಣ್ಣದು. ಹಳದಿ ಕ್ಯಾಮೆರಾ ಹಿಡಿದಾಗ ಕಿರುಬೆರಳಿಗೆ ಜಾಗವಿಲ್ಲದೆ ಅದು ಕೆಳಗೆ ಜೋತು ಬೀಳುತ್ತಿತ್ತು. ಇದರಲ್ಲಿ ಐದೂ ಬೆರಳು ಮನೆಗೆ ಬಂದವರಂತೆ ಕೂತವು.

ಆ ಭಾನುವಾರ ಅತ್ತೆಯನ್ನು ಕರೆದುಕೊಂಡು ಸನ್ನತಿಗೆ ಹೋದೆವು. ಚಂದ್ರಲಾಂಬೆಯ ದರ್ಶನ ಮುಗಿಸಿ ಭೀಮೆಯ ದಂಡೆಗೆ ಇಳಿದಾಗ ಒಂದು ಮಿಂಚುಳ್ಳಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತಿತ್ತು. ಕ್ಯಾಮೆರಾ ಎತ್ತಿದೆ. ಹಕ್ಕಿ ಹತ್ತಿರ ಬರಲೆಂದು ಜೂಮ್ ತಿರುಗಿಸಿದರೆ ಅದು ತೆಲಂಗಾಣದ ಕಡೆ ಓಡಿಹೋದಂತೆ ದೂರವಾಯಿತು. ಹಳದಿಯಲ್ಲಿ ಯಾವ ಕಡೆ ತಿರುಗಿಸಿದರೆ ಹತ್ತಿರವೋ ಕೆಂಪಿನಲ್ಲಿ ಅದೇ ದೂರ. ಲೆನ್ಸು ಬಿಚ್ಚುವುದೂ ಉಲ್ಟಾ. ನಾನು ಆಕಡೆ ಈಕಡೆ ತಿರುವುವಷ್ಟರಲ್ಲಿ ಮಿಂಚುಳ್ಳಿ ಮುಳುಗಿ, ಮೀನು ಹಿಡಿದು, ತಿಂದು ಹಾರಿಹೋಯಿತು. ನನಗೆ ಸಿಕ್ಕದ್ದು ನೀರಿನ ಉಂಗುರ.

“ಈ ಕ್ಯಾಮೆರಾ ನಮ್ಮ ಮನಿ ರೂಢಿ ತಿಳೀಲಾರದ್ದು,” ಎಂದು ನನ್ನ ಗಂಡ ದೂರದಿಂದ ಹೇಳಿದರು. ಅವರು ಕೋಡ್ಲಾದ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವರು. ಯಾವ ಯಂತ್ರದ ವಿಷಯಕ್ಕೂ ಅಭಿಪ್ರಾಯ ಕೊಡದೆ ಬಿಡುವುದಿಲ್ಲ.

ಸಿಟ್ಟಿಗೆ ಕ್ಯಾಮೆರಾ ತಿರುಗಿಸಿ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯ ಫೋಟೋ ತೆಗೆದೆ. ಇಳಿಬಿಸಿಲು ಅವರ ಮೂಗುಬೊಟ್ಟಿನ ಮೇಲಿತ್ತು. ಮನೆಗೆ ಬಂದು ತೋರಿಸಿದಾಗ ಅವರು ಕನ್ನಡಕ ಹಾಕಿ, ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಹೋದ ವರ್ಷ ಹಳದಿ ಕ್ಯಾಮೆರಾದಲ್ಲಿ ತೆಗೆದ ತಮ್ಮ ಫೋಟೋ ನೋಡಿ, “ಇದ್ರಾಗ ನಾ ಆಗ್ಲೇ ಹೋದಂಗ ಕಾಣ್ತೀನಿ,” ಎಂದಿದ್ದರು. ಈಗ ಹೇಳಿದರು:

“ಇದು ಇರ್ಲಿ. ನಾ ಹೋದ ಮ್ಯಾಲ ಗ್ವಾಡಿಗಿ ಇದನ್ನೇ ಹಾಕ್ರಿ. ಖರೆ, ಜಲ್ದಿ ಏನಿಲ್ಲ.”

ಆ ಬಣ್ಣದಲ್ಲಿ ಸಂಜೆಯ ಬಿಸಿಲಿನ ಪಾಲು ಎಷ್ಟು, ಕಂಪನಿಯ ಪಾಲು ಎಷ್ಟು ಎಂದು ವಿಜ್ಞಾನದ ಟೀಚರ್ ಆದ ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಅತ್ತೆ ಮೆಚ್ಚಿದ ಮೇಲೆ ಪ್ರಯೋಗ ಮುಗಿಯಿತು.

ಉಳಿದದ್ದು ಅಕ್ಕನಿಗೆ ಹೇಳುವುದು. ಗಂಡನನ್ನು ಕೇಳಿದರೆ ಅವರು ಗಂಭೀರವಾಗಿ, “ಗುಂಡಗುರ್ತಿ ಹೊಲಾನೇ ನಾವು ಅಣ್ಣತಮ್ಮರು ಇನ್ನಾ ಪಾಲು ಮಾಡ್ಕೊಂಡಿಲ್ಲ. ನೀವು ಲೆನ್ಸ್ ಪಾಲು ಮಾಡ್ಕೊಳ್ಳಾಕತ್ತೀರಿ,” ಎಂದರು. ಅದರಿಂದ ನನಗೆ ಯಾವ ಸಹಾಯವೂ ಆಗಲಿಲ್ಲ.

ವಾಡಿಯಲ್ಲೇ ಹೇಳಿದೆ. ಭಜಿ ತಿಂದು ಮುಗಿಯುವವರೆಗೆ ಕಾದು ಹೇಳಿದೆ. ಅಕ್ಕ ಕಾಗದದಲ್ಲಿ ಕೈ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು.

“ಅಂದ್ರ ನನ್ನ ಲೆನ್ಸ್ ನಿನಗ ಬ್ಯಾಡಾತು.”

“ಬ್ಯಾಡಂತಲ್ಲ ಅಕ್ಕಾ. ಕೂಡಲ್ಲ ಅದು.”

“ಅದೇ ಅಲ್ಲೇನು? ಕೂಡಲ್ಲ,” ಎಂದು ಎದ್ದಳು. ಶಹಾಬಾದಿನ ರೈಲು ಬರಲು ಇನ್ನೂ ಹೊತ್ತಿತ್ತು. ಆದರೂ ಹೋಗಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತಳು. ನಾನು ಈ ತುದಿಯಲ್ಲಿ. ಇಬ್ಬರ ನಡುವೆ ಪ್ರಯಾಣಿಕರೆಲ್ಲ ಓಡಾಡುತ್ತಿದ್ದರು.

ಆಮೇಲೆ ಫೋನಿಲ್ಲ. ಮನೆಯವರ ವಾಟ್ಸಪ್ ಗುಂಪಿನಲ್ಲಿ ಮಾತ್ರ ಅವಳ ಹಕ್ಕಿಗಳು ಬರುತ್ತಿದ್ದವು, ಒಂದು ಅಕ್ಷರವೂ ಇಲ್ಲದೆ. ಕೊಕ್ಕರೆ ನನ್ನ ಕಡೆಗೇ ಬೆನ್ನು ಮಾಡಿ ನಿಂತಂತೆ ಅನಿಸುತ್ತಿತ್ತು. ಮೆಚ್ಚುಗೆಯ ಹೆಬ್ಬೆರಳು ಒತ್ತಿದರೆ ಏನು ತಿಳಿದಾಳು, ಒತ್ತದಿದ್ದರೆ ಏನು ತಿಳಿದಾಳು ಎಂದು ಯೋಚಿಸಿ ಕೊನೆಗೆ ಒತ್ತದೆ ಬಿಡುತ್ತಿದ್ದೆ. ಇತ್ತ ಭಾಯ್ ಕ್ಯಾಮೆರಾ ಶಾದಿ ಇಲ್ಲದ ದಿನವೆಲ್ಲ ನಮ್ಮ ಮನೆಯಲ್ಲೇ ಇರತೊಡಗಿತು. ಕೊಳ್ಳಲು ಧೈರ್ಯವಿಲ್ಲ, ಹಿಂತಿರುಗಿಸಲು ಮನಸ್ಸಿಲ್ಲ.

ದಾರಿ ಮಾಡಿದವರು ಅತ್ತೆ. ಸನ್ನತಿಯ ತಮ್ಮ ಫೋಟೋವನ್ನು ಅವರು ಬೀಗರು ಬಿಜ್ಜರಿಗೆಲ್ಲ ಕಳಿಸಲು ಹೇಳಿದ್ದರು. ಅದು ಅಕ್ಕನಿಗೂ ತಲುಪಿತು. ಮರುದಿನ ಫೋನು.

“ಅತ್ತಿ ಇಷ್ಟು ಚಂದ ಅದಾರಂತ ಗೊತ್ತೇ ಇರ್ಲಿಲ್ಲ,” ಎಂದಳು, ನಮಸ್ಕಾರ ಕ್ಷೇಮ ಯಾವುದೂ ಇಲ್ಲದೆ. “ಐತಾರ ಚಿಂಚೋಳಿ ಅಡವಿಗಿ ಬಾ. ಆ ಕೆಂಪು ಪಟ್ಟೀದು ತಗೊಂಡು ಬಾ. ನಾ ಒಂದ್ಸಲ ನೋಡ್ತೀನಿ.”

ಭಾನುವಾರ ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯ ಹತ್ತಿರ ಕಾರು ನಿಲ್ಲಿಸಿ, ಗಂಡ ಸೀಟು ಹಿಂದಕ್ಕೆ ಮಾಡಿ ಮಲಗಿದರು. ನಾವಿಬ್ಬರೂ ಮರಗಳ ನಡುವೆ ನಡೆದೆವು. ಅಕ್ಕ ನನ್ನ ಕೈಯಿಂದ ಕೆಂಪು ಕ್ಯಾಮೆರಾ ಇಸಿದುಕೊಂಡು, ದೊಡ್ಡ ಲೆನ್ಸು ಹಾಕಿದ ತನ್ನ ಹಳದಿಯನ್ನು ನನಗೆ ಕೊಟ್ಟಳು. ಆಗಲೇ ಬರಬೇಕೆ ಅದು! ರಾಜಹಕ್ಕಿ, ರಿಬ್ಬನ್ನಿನಂಥ ಉದ್ದ ಬಿಳಿ ಬಾಲ ಎಳೆದುಕೊಂಡು ಎದುರಿನ ಕೊಂಬೆಗೆ ಬಂದು ಕೂತಿತು. ಅಕ್ಕ ಎಷ್ಟೋ ವರ್ಷದಿಂದ ಕಾಯುತ್ತಿದ್ದ ಹಕ್ಕಿ.

ಇಬ್ಬರೂ ಒಟ್ಟಿಗೆ ಕ್ಯಾಮೆರಾ ಎತ್ತಿದೆವು, ಇಬ್ಬರೂ ಒಟ್ಟಿಗೆ ತಿರುಗಿಸಿದೆವು, ಇಬ್ಬರೂ ಒಟ್ಟಿಗೆ ತಪ್ಪು ಕಡೆ ತಿರುಗಿಸಿದೆವು.

“ಇದು ಉಲ್ಟಾ ಹೊಂಟದಲ್ಲೇ!” ಎಂದು ಅಕ್ಕ ಪಿಸುಗುಟ್ಟಿದಳು.

“ಇದೂ ಉಲ್ಟಾ,” ಎಂದೆ ನಾನು.

ಹಕ್ಕಿ ನಮ್ಮ ಪಿಸುಮಾತು ಕೇಳಿ ಬಾಲ ಝಾಡಿಸಿ ಹೋಯಿತು. ಅಕ್ಕ ಕ್ಯಾಮೆರಾ ಇಳಿಸಿ ನನ್ನನ್ನೇ ನೋಡಿದಳು.

“ನನಗ ಉಲ್ಟಾ ಆಗಾದು ಸರಿ. ನಿನಗ್ಯಾಕ ಉಲ್ಟಾ ಆತು? ನೀ ಹಿಡ್ದಿದ್ದು ಹಳದೀದು.”

ನಾನು ಕೈ ನೋಡಿಕೊಂಡೆ. ಗೊತ್ತೇ ಆಗದಂತೆ ಅದು ಕೆಂಪಿನ ಪಾಠ ಕಲಿತುಬಿಟ್ಟಿತ್ತು.

“ನಿನ್ನ ಕೈ ಆಗ್ಲೇ ಆ ಮನಿ ಸೇರ್ಯಾದ,” ಎಂದು ಅಕ್ಕ ಬಂಡೆಯ ಮೇಲೆ ಕೂತಳು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವಳು ನೆಲದ ಕಡ್ಡಿ ಎತ್ತಿ ಮುರಿಯುತ್ತ, “ಲೆನ್ಸಿನ ಮಾತಲ್ಲ ತಂಗಿ. ಲೆನ್ಸ್ ಇಲ್ಲಂದ್ರ ನೀ ವಾಡಿಗಿ ಬರ್ತೀಯೇನು?” ಎಂದಳು.

“ಬರ್ತೀನಿ.”

“ಮನ್ಯಾಗ ಏನಂತ ಹೇಳಿ ಬರ್ತಿ?”

“ಚಹಾ ಕುಡ್ಯಾಕ ಅಂತ.”

“ಸೇಡಂದಾಗ ಚಹಾ ಸಿಗಲ್ಲೇನು?”

ನಾನು ಅವಳ ಪಕ್ಕ ಹೋಗಿ ಕೂತೆ. ನೋಡಿದರೆ ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾಯಿತು. ನಗುತ್ತಿದ್ದಳು. ರಾಜಹಕ್ಕಿಯ ಎದುರು ಇಬ್ಬರೂ ಒಟ್ಟಿಗೆ ತಪ್ಪಿದ್ದು ಅವಳಿಗೆ ಈಗ ತಟ್ಟಿತ್ತು. ನನಗೂ ತಡೆಯಲಾಗಲಿಲ್ಲ. ನಗುವಿನ ಸದ್ದಿಗೆ ಗಂಡ ಎದ್ದು ಕಾರಿನಿಂದ ತಲೆ ಹೊರಗೆ ಹಾಕಿ, “ಏನ್ ಸಿಕ್ತು?” ಎಂದರು.

“ಏನೂ ಸಿಗ್ಲಿಲ್ಲ!” ಎಂದು ಇಬ್ಬರೂ ಕೂಗಿದೆವು.

ಪಾಲು ಅಲ್ಲೇ ಬಂಡೆಯ ಮೇಲೆ ಆಯಿತು. “ನಿನ್ನ ಸಣ್ಣ ಲೆನ್ಸ್ ಎಲ್ಲಾ ನನಗ ಬಿಡು,” ಎಂದಳು ಅಕ್ಕ.

“ಎಲ್ಲಾನಾ?”

“ಮತ್ತ? ನಿನಗ ಅವು ಕೂಡಲ್ಲ. ಮ್ಯಾಲಾಗಿ ನಾ ಹಿರಿ ಸೊಸಿ.”

ಹೀಗೆ ನಾನು ಬರಿಗೈಯಲ್ಲಿ ಕೆಂಪು ಪಟ್ಟಿಯ ಮನೆಗೆ ಕಾಲಿಟ್ಟೆ. ಕೊಳ್ಳುವ ದಿನ ಭಾಯ್ ಕೂಡ ಅಂಗಡಿಗೆ ಬಂದರು; ನಿಶ್ಚಿತಾರ್ಥ ಕೂಡಿಸಿದವರಂತೆ ಅಲ್ಲಿದ್ದವರಿಗೆಲ್ಲ ಚಹಾ ತರಿಸಿದರು. ಒಂದೇ ಲೆನ್ಸು ಬಂತು. ಹಕ್ಕಿಗೆ ಅದು ಸಾಲದು, ಮುಖಕ್ಕೆ ಸಾಕು. ನಾನು ತೆಗೆಯುತ್ತಿದ್ದದ್ದು ಯಾವಾಗಲೂ ಮುಖಗಳನ್ನೇ ಎಂಬುದು ಆಗಲೇ ನನಗೆ ಹೊಳೆದದ್ದು.

ಅದು ಅಕ್ಕನಿಗೆ ನನಗಿಂತ ಮೊದಲೇ ಗೊತ್ತಿತ್ತೇನೋ. ಮುಂದಿನ ಮದುವೆಯ ಸೀಸನ್ನಿಗೆ ಅವಳೇ ಹೇಳಿಕಳಿಸಿದಳು: ತಾನು ಸಿಂಗರಿಸಿದ ಮದುಮಗಳ ಫೋಟೋ ಪಾರ್ಲರಿನ ಗೋಡೆಗೆ ಬೇಕು, ಬಂದು ತೆಗೆದುಕೊಡಬೇಕು. ಹೋದೆ. ಕಿಟಕಿಯ ಬೆಳಕಿಗೆ ಹುಡುಗಿಯನ್ನು ಕೂರಿಸಿ, ನಗಿಸಿ, ತೃಪ್ತಿಯಾಗುವವರೆಗೆ ತೆಗೆದೆ. ಹುಡುಗಿಯ ಕಣ್ಣಲ್ಲಿ ಸಂತೋಷ, ಸ್ವಲ್ಪ ಭಯ, ಎಲ್ಲ ಬಂದಿತ್ತು. ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ. ಅವಳು ಕ್ಯಾಮೆರಾದ ಪರದೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

“ಹುಡುಗಿ ಏನೋ ಭಾಳ ಚಂದ ಬಂದಾಳ,” ಎಂದಳು. “ನಾ ಮಾಡಿದ ಹುಬ್ಬು ಎಲ್ಲದಾವ?”

ಬೈತಲೆಯಿಂದ ಇಳಿದ ಮುತ್ತಿನ ಸಾಲು ಎರಡೂ ಹುಬ್ಬನ್ನು ಮುಚ್ಚಿತ್ತು. ಹುಡುಗಿಯನ್ನು ಮತ್ತೆ ಕೂರಿಸಿದೆವು.