ಬಾಗದ ಗಾಡಿ

ಪೆಟ್ರೋಲ್ ಹಾಕಿಸಿದ ದಿನ ನನ್ನ ಸೆರಗಿಗೆ ಸಂಜೆಯವರೆಗೂ ಅದೇ ವಾಸನೆ. ಶಾಲೆಯ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ; ನನಗೋ ಅತ್ತರು ಹಚ್ಚಿಕೊಂಡಷ್ಟು ಜಂಬ. ಈ ವಯಸ್ಸಿನಲ್ಲಿ ಇದೆಂಥ ಜಂಬ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಚಿಕ್ಕಂದಿನ ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ. ನಾನು ಕಲಿಸುವ ಶಾಲೆ ಲಕಮನಹಳ್ಳಿಯಲ್ಲಿ. ಯಜಮಾನರಿಗೆ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಕಣ್ಣು ಮುಚ್ಚುವಷ್ಟರಲ್ಲಿ ನನ್ನನ್ನು ಬೈಕಿನಲ್ಲಿ ಶಾಲೆಗೆ ಬಿಡಬೇಕು. ಮತ್ತೆ ನಿದ್ದೆ ಹತ್ತುವಷ್ಟರಲ್ಲಿ ಕರೆತರಬೇಕು. ವರ್ಷಗಟ್ಟಲೆ ಹೀಗೇ ನಡೆಯಿತು. ಅವರು ತೂಕಡಿಸದಿರಲೆಂದು ಹಿಂದೆ ಕುಳಿತ ನಾನು ಏನಾದರೂ ಮಾತಾಡುತ್ತಲೇ ಇರುತ್ತಿದ್ದೆ. ಒಂದು ದಿನ ಮಾತಾಡಿ ಮಾತಾಡಿ ನನಗೇ ಜೋಂಪು ಹತ್ತಿತು. ಬೈಕು ರಸ್ತೆ ಬದಿಯ ಉಸುಕಿನ ಗುಡ್ಡೆಗೆ ಹೊಕ್ಕು ನಿಂತಾಗಲೇ ಇಬ್ಬರಿಗೂ ಎಚ್ಚರ.

"ಸಾಕಾಗೇತಿ ನೋಡು," ಎಂದರು. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಬರೀ ದಣಿವಿನಿಂದ ಅಂದರು, ಅದಕ್ಕೇ ನೋವಾಯಿತು.

ಕೆಲಗೇರಿಯಲ್ಲಿ ಮೂರು ಗಾಲಿಯ ಹಳೆಯ ಮೋಟಾರ್‌ಸೈಕಲ್ ಮಾರಾಟಕ್ಕಿದೆ ಎಂದು ತಿಳಿದದ್ದು ಆ ವಾರವೇ. ಮುಂದೊಂದು ಗಾಲಿ, ಹಿಂದೆರಡು. ಗೇರು, ಬ್ರೇಕು ಎಲ್ಲ ಕೈಯಲ್ಲೇ. ಅದನ್ನು ಓಡಿಸುತ್ತಿದ್ದ ಕಾಕಾ ನನ್ನಂತೆಯೇ ಕುಂಟರು, ಈಗ ಕಣ್ಣೂ ಮಂಜಾಗಿ ಮಾರಲು ಕುಳಿತಿದ್ದರು. ಗಾಡಿಯನ್ನು ತೊಳೆದು, ಕುಂಕುಮ ಹಚ್ಚಿ, ಮೂರೂ ಗಾಲಿಗೆ ನಿಂಬೆಹಣ್ಣು ಇಟ್ಟಿದ್ದರು.

ಮೊದಲು ಯಜಮಾನರೇ ಹತ್ತಿದರು. ಗಂಡಸರು ಓಡಿಸಿ ನೋಡದೆ ಗಾಡಿ ಕೊಳ್ಳುವುದುಂಟೇ? ಬೈಕಿನ ರೂಢಿಯಂತೆ ತಿರುವಿನಲ್ಲಿ ಮೈ ವಾಲಿಸಿದರು. ಗಾಡಿ ವಾಲಲಿಲ್ಲ, ನೆಟ್ಟಗೆ ಹೋಗಿ ಬೇಲಿಗೆ ಮೂತಿ ಇಟ್ಟಿತು. ಎರಡನೇ ಸಲವೂ ಅದೇ ಬೇಲಿ. ಈ ಗಾಡಿ ಸರಿಯಿಲ್ಲ, ಹೋಗೋಣ ನಡಿ ಎಂದರು. ಮತ್ತೆ ಆ ಬೈಕು, ಮತ್ತೆ ಆ ತೂಕಡಿಕೆ ಎಂದುಕೊಂಡೆ.

ಕಾಕಾ ನಿಧಾನಕ್ಕೆ ಹೇಳಿದರು: "ನಿಮಗ ಬೈಕ್ ಹೊಡ್ಯಾಕ ಬರ್ತೈತ್ರಿ, ಅದ ಅಡ್ಡ ಬರಾಕತ್ತೈತಿ. ಅಕ್ಕೋರು ಹೊಡೀಲಿ. ಅವರಿಗೆ ಏನೂ ಬರೂದಿಲ್ಲ."

ಇಷ್ಟು ಹಿತವಾಗಿ ನನ್ನನ್ನು ಯಾರೂ ಹೀಯಾಳಿಸಿರಲಿಲ್ಲ. ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಿತು. ವಾಲುವುದೆಂದರೇನೆಂದೇ ನನಗೆ ಗೊತ್ತಿರಲಿಲ್ಲವಲ್ಲ! ಕೆರೆಯ ದಂಡೆಯವರೆಗೆ ಹೋಗಿಬಂದೆ.

ಅಷ್ಟಕ್ಕೇ ಮುಗಿಯಿತೆಂದುಕೊಳ್ಳಬೇಡಿ. ನಾನು ಬಿದ್ದೇನೆಂಬ ಭಯಕ್ಕೆ ಯಜಮಾನರು ದಿನಾ ಕೆಂಪುಗಣ್ಣಿನಲ್ಲೇ ಬೈಕು ಹತ್ತಿ ಶಾಲೆಯವರೆಗೆ ನನ್ನ ಬೆನ್ನು ಹತ್ತಿದರು. ಗಾಡಿ ಬಂತು, ಅವರಿಗೆ ನಿದ್ದೆ ಬರಲಿಲ್ಲ. ನಾನು ಎಷ್ಟು ಬೈದರೂ ಕೇಳಲಿಲ್ಲ. ಕೊನೆಗೊಂದು ದಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಖಾಲಿ. ಹಾಯೆನಿಸಬೇಕಿತ್ತು, ಅನಿಸಲಿಲ್ಲ. ಬೈಕಿನ ದಿನಗಳಂತೆ ದಾರಿಯುದ್ದಕ್ಕೂ ಮಾತಾಡಲು ಯಾರೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಮಲಗಿದಲ್ಲಿಂದಲೇ, ಕಣ್ಣು ತೆರೆಯದೆ, "ಬಂದ್ಯಾ?" ಎಂದರು.

"ಈಗ ಹೊಂಟೇನ್ರಿ. ಮಕ್ಕೋರಿ."

ಹೂಂ ಎಂದು ಗೋಡೆಯ ಕಡೆ ಹೊರಳಿ ಗೊರಕೆ ಹೊಡೆಯತೊಡಗಿದರು. ಅದನ್ನು ಕೇಳುತ್ತ ಹೊಸ್ತಿಲಲ್ಲೇ ನಿಂತುಬಿಟ್ಟೆ. ಶಾಲೆಗೆ ತಡವಾಯಿತು.